ಯಜಮಾನರ ಕೆಲಸ ಹೋದ ವರ್ಷ, ಮಗಳ ಕಾಲೇಜಿನ ಏಡ್ ಆಫೀಸು: ಐದಕ್ಕೆ ಮೂರು ಸ್ಟಾರ್

ಮಿಕ್ಸಿಗೆ ರಿವ್ಯೂ ಬರೆದಿದ್ದೇನೆ, ಸನಿವೇಲ್‌ನ ದೋಸೆ ಹೋಟೆಲಿಗೆ ಬರೆದಿದ್ದೇನೆ, ಒಂದು ಸಲ ಸಿಟ್ಟು ಬಂದು ನಲ್ಲಿ ರಿಪೇರಿಯವನಿಗೂ ಬರೆದಿದ್ದೇನೆ. ಕಾಲೇಜಿನ ಏಡ್ ಆಫೀಸಿಗೆ, ಅಂದರೆ ಫೀಸಿಗೆ ಎಷ್ಟು ನೆರವು ಕೊಡಬೇಕು ಅಂತ ತೀರ್ಮಾನಿಸುವ ಕಚೇರಿಗೆ, ಬರೆಯುತ್ತಿರುವುದು ಇದೇ ಮೊದಲು. ಕಾಲೇಜಿನ ಹೆಸರು ಹೇಳುವುದಿಲ್ಲ, ಮಗಳು ಇನ್ನೂ ಎರಡೂವರೆ ವರ್ಷ ಅಲ್ಲೇ ಓದಬೇಕು. ನಾವಿರುವ ಕ್ಯಾಲಿಫೋರ್ನಿಯಾದ ಪಕ್ಕದ ರಾಜ್ಯದಲ್ಲಿರುವ ಒಂದು ಸಣ್ಣ ಖಾಸಗಿ ಕಾಲೇಜು, ಅಷ್ಟು ತಿಳಿದರೆ ಸಾಕು. ಫೀಸು, ಹಾಸ್ಟೆಲು, ಊಟ, ಪುಸ್ತಕ ಎಲ್ಲ ಸೇರಿ ವರ್ಷಕ್ಕೆ 64,000 ಡಾಲರ್.

2025ರ ಫೆಬ್ರವರಿ ಕೊನೆಯಲ್ಲಿ ನಮ್ಮೆಜಮಾನರ ಕೆಲಸ ಹೋಯಿತು. ಬೆಳಿಗ್ಗೆ ಒಂಬತ್ತೂಕಾಲಿಗೆ ವಿಡಿಯೋ ಕಾಲ್, ಒಂಬತ್ತೂವರೆಗೆ ಲ್ಯಾಪ್‌ಟಾಪ್ ಲಾಕ್. ನಾನು ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜುತ್ತಿದ್ದೆ. ಇವರು ಅಡುಗೆಮನೆ ಬಾಗಿಲಿಗೆ ಬಂದು ನಿಂತು "ಆಯ್ತು" ಅಂದರು. ಏನಾಯ್ತು ಅಂತ ನಾನು ಕೇಳಲಿಲ್ಲ. ಮೂರು ತಿಂಗಳಿಂದ ಇವರ ಆಫೀಸಿನಲ್ಲಿ ಒಬ್ಬೊಬ್ಬರದೇ ಸರದಿ ಬರುತ್ತಿತ್ತು.

ಮೇ ಕೊನೆಗೆ ಕಾಲೇಜಿನಿಂದ ಮುಂದಿನ ವರ್ಷದ ಏಡ್ ಪತ್ರ ಬಂತು. 24,000 ಗ್ರ್ಯಾಂಟು (ವಾಪಸ್ ಕಟ್ಟಬೇಕಿಲ್ಲದ ನೆರವು), 6,500 ಸಾಲ, ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಿದರೆ 3,000. ಬಾಕಿ ನೀವು ಕಟ್ಟಿ. ಕೆಲಸ ಹೋಗಿರುವುದು ಕಾಲೇಜಿನವರಿಗೆ ಗೊತ್ತಿಲ್ಲವಾ ಅಂದರೆ, ಹೌದು, ಗೊತ್ತೇ ಇಲ್ಲ. ಈ ದೇಶದಲ್ಲಿ ಕಾಲೇಜಿನ ನೆರವಿಗೆ ಎಲ್ಲರೂ ತುಂಬುವ ಫ್ಯಾಫ್ಸಾ ಅನ್ನುವ ಸರ್ಕಾರಿ ಅರ್ಜಿ ನೋಡುವುದು ಎರಡು ವರ್ಷ ಹಿಂದಿನ ಟ್ಯಾಕ್ಸ್ ರಿಟರ್ನನ್ನು. 2025-26ರ ಓದಿಗೆ 2023ರ ವರಮಾನ. 2023ರಲ್ಲಿ ಇವರದು 1,68,000, ನನ್ನ ಡೇಕೇರ್ ಕೆಲಸದ್ದು 22,000, ಒಟ್ಟು 1,90,000. ಅದನ್ನು ನೇರವಾಗಿ ಟ್ಯಾಕ್ಸ್ ಇಲಾಖೆಯಿಂದಲೇ ಎಳೆದುಕೊಂಡು, ಈ ಮನೆಗೆ ಎಷ್ಟು ಕಟ್ಟುವ ಶಕ್ತಿಯಿದೆ ಅಂತ ಅಳೆಯುವ ಒಂದು ಅಂಕಿ ಕಕ್ಕುತ್ತದೆ. ಮೊದಲು ಅದಕ್ಕೆ ಇಎಫ್‌ಸಿ ಅನ್ನುತ್ತಿದ್ದರು, 2024-25ರಿಂದ ಎಸ್‌ಎಐ. ತೀರಾ ಬಡವರಿಗೆ ಅದು ಮೈನಸ್ 1,500ರ ತನಕ ಇಳಿಯುತ್ತದಂತೆ. ನಮ್ಮದು ನಲವತ್ತು ಸಾವಿರ ಚಿಲ್ಲರೆ ಇತ್ತು. ಕೆಲಸ ಇಲ್ಲದ ಮನೆಗೆ!

ನಾನು ಮಾಡಹೊರಟಿದ್ದ ಮೊದಲ ತಪ್ಪು ಇಲ್ಲೇ ಇತ್ತು. ಫ್ಯಾಫ್ಸಾ ತೆಗೆದು ಹೊಸ ವರಮಾನ ಹಾಕಿ ತಿದ್ದಿಬಿಡೋಣ ಅಂತ ಕೂತೆ. ಹಾಗೆ ಮಾಡುವಂತಿಲ್ಲ. ಅದರಲ್ಲಿ 2023 ಹಾಗೆಯೇ ಇರಬೇಕು. ತಿದ್ದುವ ಅಧಿಕಾರ ಇರುವುದು ಕಾಲೇಜಿನ ಏಡ್ ಆಫೀಸಿನವರಿಗೆ ಮಾತ್ರ. 1965ರ ಹೈಯರ್ ಎಜುಕೇಶನ್ ಆಕ್ಟ್‌ನಲ್ಲಿ 479ಎ ಅಂತ ಒಂದು ಕಲಂ ಇದೆ. ಮನೆಯ ಪರಿಸ್ಥಿತಿ ಬದಲಾಗಿದ್ದರೆ ದಾಖಲೆ ನೋಡಿ, ಒಬ್ಬೊಬ್ಬರ ವಿಷಯವನ್ನು ಬಿಡಿಬಿಡಿಯಾಗಿ ತೂಗಿ ಅಂಕಿ ಬದಲಾಯಿಸಬಹುದು ಅನ್ನುತ್ತದೆ. ಆಫೀಸಿನವರ ಭಾಷೆಯಲ್ಲಿ ಇದಕ್ಕೆ 'ಪ್ರೊಫೆಷನಲ್ ಜಡ್ಜ್‌ಮೆಂಟ್' ಅಂತ ಹೆಸರು, ನಾವು ತುಂಬುವ ಫಾರಂ ಮೇಲೆ 'ಸ್ಪೆಷಲ್ ಸರ್ಕಮ್‌ಸ್ಟೆನ್ಸಸ್'. ಇದಕ್ಕೆ ಫೀಸು ಕೇಳುವಂತಿಲ್ಲ. 'ನಾವು ಯಾರದ್ದೂ ನೋಡುವುದಿಲ್ಲ' ಅಂತ ಸಾರಾಸಗಟಾಗಿ ಬಾಗಿಲು ಹಾಕುವಂತೆಯೂ ಇಲ್ಲ. ಆದರೆ ಅವರು ಕೊಟ್ಟ ತೀರ್ಮಾನವೇ ಕೊನೆ, ವಾಷಿಂಗ್ಟನ್‌ನ ಶಿಕ್ಷಣ ಇಲಾಖೆಗೆ ಮೇಲ್ಮನವಿ ಹಾಕಲು ದಾರಿಯಿಲ್ಲ.

ಇಂಥದೊಂದು ಕಿಟಕಿ ಇದೆ ಅಂತ ಕಾಲೇಜು ಎಲ್ಲರಿಗೂ ಕಾಣುವ ಹಾಗೆ ತಿಳಿಸಬೇಕು ಅಂತಲೂ ಕಾನೂನಿದೆ. ತಿಳಿಸಿದ್ದರು, ಇಲ್ಲ ಅನ್ನುವುದಿಲ್ಲ. ವೆಬ್‌ಸೈಟಿನಲ್ಲಿ ಏಡ್, ಅದರೊಳಗೆ ಫಾರಂಗಳು, ಅದರೊಳಗೆ 'ಇತರೆ', ಅದರ ಅಡಿಯಲ್ಲಿ ಆರನೆಯದು. ನನಗೆ ಸಿಕ್ಕಿದ್ದು ಕನ್ನಡ ಶಾಲೆಯಲ್ಲಿ ಪರಿಚಯವಾದ ಒಬ್ಬ ಮೇಡಂ ಹೇಳಿದ್ದರಿಂದ. ಒಂದು ಸ್ಟಾರ್ ಕಳೆದದ್ದು ಇದಕ್ಕೆ.

ಇವರಿಗೆ ಅರ್ಜಿ ಹಾಕುವುದೇ ಇಷ್ಟವಿರಲಿಲ್ಲ. "ಕೈಚಾಚಿದ ಹಾಗಾಗಲ್ವೇನೇ?" ಅಂದರು. ನಾನಂದೆ, "ಅಲ್ಲಾರೀ, ನಾನು ಪಿಯುಸಿಲಿ ಸ್ಕಾಲರ್‌ಶಿಪ್ಪಿಗೆ ಅಂತ ಚನ್ನರಾಯಪಟ್ಟಣದ ತಾಲ್ಲೂಕು ಆಫೀಸಿಗೆ ನಾಲ್ಕು ಸಲ ಹೋಗಿದ್ದೆ. ಅವತ್ತು ನನಗೇನೂ ನಾಚಿಕೆ ಆಗಿರಲಿಲ್ಲ." ಆ ವರ್ಷ ನುಸಿರೋಗಕ್ಕೆ ತೆಂಗೆಲ್ಲ ಹಾಳಾಗಿತ್ತು. ವಿಲೇಜ್ ಅಕೌಂಟೆಂಟು ಅಪ್ಪನ ಮುಖವನ್ನೊಮ್ಮೆ ನೋಡಿ, ಪಹಣಿಯನ್ನೊಮ್ಮೆ ನೋಡಿ, ವಾರ್ಷಿಕ ವರಮಾನ ಹನ್ನೊಂದು ಸಾವಿರ ಅಂತ ಬರೆದು ಸೀಲು ಒತ್ತಿದ್ದ. ನಮ್ಮೂರಲ್ಲಿ ಯಾರಿಗೆ ಕೇಳಿದರೂ ಹನ್ನೊಂದೇ. ಆ ಮನುಷ್ಯ ಲೆಕ್ಕ ಹಾಕಿದ್ದನ್ನು ನಾನಂತೂ ಕಾಣೆ, ಆದರೆ ಈ ವರ್ಷದ ತೋಟ ಹೇಗಿದೆ ಅಂತ ಅವನಿಗೆ ಗೊತ್ತಿತ್ತು. ಇಲ್ಲಿಯವರು ಒಂದೊಂದು ಡಾಲರಿಗೂ ಲೆಕ್ಕ ಕೇಳುತ್ತಾರೆ, ನೋಡುವುದು ಮಾತ್ರ ಎರಡು ವರ್ಷ ಹಿಂದಿನ ತೋಟವನ್ನು.

ಕಡೆಗೆ ಒಪ್ಪಿದರು. ಒಪ್ಪಿದವರು ಎರಡು ಪುಟದ ಪತ್ರ ಬರೆದರು. 2004ರಲ್ಲಿ ಎರಡು ಸೂಟ್‌ಕೇಸ್ ಹಿಡಿದು ಬಂದದ್ದು, ಒಂದೇ ಕಂಪನಿಗೆ ಹನ್ನೊಂದು ವರ್ಷ ದುಡಿದದ್ದು, ಮಗಳ ಕನಸು, ಎಲ್ಲವೂ ಇತ್ತು. ಓದಿ ನನಗೆ ಗಂಟಲು ಕಟ್ಟಿತು. ಆಮೇಲೆ ಅದನ್ನು ಅಳಿಸಿ ಅರ್ಧ ಪುಟಕ್ಕೆ ಇಳಿಸಿದೆ. ಕೆಲಸ ಹೋದ ತಾರೀಖು, ಯಾರ ವರಮಾನ ಎಷ್ಟಿತ್ತು, ಈಗ ಎಷ್ಟು, ಡಿಸೆಂಬರ್ 31ರ ತನಕ ಎಷ್ಟು ಬರಬಹುದು, ಜೊತೆಗೆ ಲಗತ್ತಿಸಿದ ಕಾಗದಗಳ ಪಟ್ಟಿ. ಓದುವವರ ಮೇಜಿನ ಮೇಲೆ ಇಂಥವು ನೂರಾರು ಇರುತ್ತವೆ, ಅವರು ಹುಡುಕುವುದು ಅಂಕಿಯನ್ನು. ಪಾಪ, ಇವರಿಗೆ ಬೇಜಾರಾಯಿತು. ಆ ಎರಡು ಪುಟ ಈಗಲೂ ಬೀರುವಿನಲ್ಲಿದೆ.

ಲೆಕ್ಕ ಹೀಗಿತ್ತು. ಜನವರಿ, ಫೆಬ್ರವರಿ ಸಂಬಳ 28,000. ಹನ್ನೆರಡು ವಾರದ ಸೆವೆರೆನ್ಸ್, ಅಂದರೆ ಕೆಲಸದಿಂದ ತೆಗೆಯುವಾಗ ಕಂಪನಿ ಕೊಟ್ಟ ಪರಿಹಾರ, 38,700. ಕ್ಯಾಲಿಫೋರ್ನಿಯಾದಲ್ಲಿ ನಿರುದ್ಯೋಗ ಭತ್ಯೆ ವಾರಕ್ಕೆ ಹೆಚ್ಚೆಂದರೆ 450 ಡಾಲರ್, ಇಪ್ಪತ್ತಾರು ವಾರ. ಎಷ್ಟು ದೊಡ್ಡ ಸಂಬಳದವರಾಗಿದ್ದರೂ ಅಷ್ಟೇ, ಬೇ ಏರಿಯಾದ ಬಾಡಿಗೆಯ ಮುಂದೆ ಅದು ಅರಿಶಿನ ಕುಂಕುಮಕ್ಕೆ ಸರಿ. ಅದು 11,700. ನನ್ನದು ಈ ವರ್ಷ 24,000. ಒಟ್ಟು 1,02,400. ಸೆವೆರೆನ್ಸನ್ನು ನಾವು ವರಮಾನ ಅಂದುಕೊಂಡೇ ಇರಲಿಲ್ಲ, ಅದನ್ನು ಮುಂದಿನ ಬಾಡಿಗೆಗೆ ಅಂತ ಎತ್ತಿಟ್ಟಿದ್ದೆವು. ಅವರ ಲೆಕ್ಕದಲ್ಲಿ ಅದೂ ವರಮಾನವೇ. 401ಕೆ ಅನ್ನುವ ನಿವೃತ್ತಿಯ ಉಳಿತಾಯ ಒಡೆದರೂ ಹಾಗೆಯೇ, ತೆಗೆದದ್ದೆಲ್ಲ ವರಮಾನಕ್ಕೆ ಸೇರುತ್ತದೆ, ವಯಸ್ಸು ಸಾಲದಿದ್ದರೆ ಸಾಮಾನ್ಯವಾಗಿ ಮೇಲೆ ಶೇಕಡ ಹತ್ತು ದಂಡ. ಇವರು ಒಡೆಯಲು ಹೊರಟಿದ್ದರು, ನಾನು ತಡೆದೆ.

ಕೇಳಿದ ಕಾಗದಗಳು: ಕಂಪನಿಯ ಲೇಆಫ್ ಪತ್ರ, ಕೊನೆಯ ಪೇ ಸ್ಟಬ್ (ಸಂಬಳದ ಚೀಟಿ), ಸೆವೆರೆನ್ಸ್ ಒಪ್ಪಂದ, ನನ್ನ ಪೇ ಸ್ಟಬ್, 2023 ಮತ್ತು 2024ರ ಟ್ಯಾಕ್ಸ್ ರಿಟರ್ನು, ನಿರುದ್ಯೋಗ ಭತ್ಯೆಯ ಪತ್ರ. ಈ ಕೊನೆಯ ಕಾಗದದ ಹೆಸರು ನೋಡಿ ಮನೆಯಲ್ಲಿ ಎಷ್ಟೋ ವಾರಗಳ ಮೇಲೆ ನಗು ಕೇಳಿಸಿತು. 'ನೋಟಿಸ್ ಆಫ್ ಅನ್‌ಎಂಪ್ಲಾಯ್‌ಮೆಂಟ್ ಇನ್ಶೂರೆನ್ಸ್ ಅವಾರ್ಡ್' ಅಂತೆ. "ಅಪ್ಪಂಗೆ ಪ್ರಶಸ್ತಿ ಬಂದಿದೆ" ಅಂತ ಒಂಬತ್ತನೇ ಕ್ಲಾಸಿನ ಮಗ ಅದನ್ನು ಫ್ರಿಜ್ಜಿಗೆ ಅಂಟಿಸಿದ. ಇವರೂ ನಕ್ಕರು.

ಪೋರ್ಟಲ್ಲಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಫೋನಿನಲ್ಲಿ ತೆಗೆದ ಫೋಟೋ ನುಂಗುವುದಿಲ್ಲ, ಪಿಡಿಎಫ್ ಬೇಕು. ಸಹಿ ಟೈಪ್ ಮಾಡಿದರೆ ಆಗದು, ಪೆನ್ನಿನಲ್ಲೇ ಆಗಬೇಕು. ಪ್ರಿಂಟರಿನ ಇಂಕು ಮುಗಿದಿತ್ತು, ಲೈಬ್ರರಿಗೆ ಹೋಗಿ ಪ್ರಿಂಟ್ ತೆಗೆಸಿ ಬಂದೆ. ಜೂನ್ 17ಕ್ಕೆ ಎಲ್ಲ ಏರಿಸಿದೆ. 'ರಿಸೀವ್ಡ್' ಅಂತ ಹಸಿರು ಅಕ್ಷರ ಬಂತು. ಆಮೇಲೆ ಐದು ವಾರ ಅದೇ ಹಸಿರು ಅಕ್ಷರ.

ಫೋನು ಮಾಡಿದರೆ ಮಾತಾಡಲಿಲ್ಲ. ಮಗಳಿಗೆ ಹದಿನೆಂಟು ತುಂಬಿದೆ, ಕಾಲೇಜು ಸೇರಿದ್ದಾಳೆ, 1974ರ ಫೆರ್ಪಾ ಕಾನೂನಿನ ಪ್ರಕಾರ ಅವಳ ದಾಖಲೆ ಅವಳದು. ಅವಳು ಒಪ್ಪಿಗೆ ಕೊಡದೆ ನಿಮ್ಮ ಜೊತೆ ಚರ್ಚೆ ಮಾಡಲಾಗದು ಅಂದರು. ದುಡ್ಡು ನಮ್ಮದು, ಟ್ಯಾಕ್ಸ್ ರಿಟರ್ನು ನಮ್ಮದು, ಕೆಲಸ ಹೋದದ್ದೂ ನಮ್ಮ ಮನೆಯಲ್ಲೇ! ಮಗಳು ಐದು ನಿಮಿಷದಲ್ಲಿ ಆನ್‌ಲೈನ್ ಒಪ್ಪಿಗೆ ಕೊಟ್ಟಳು. "ಅಮ್ಮಾ, ಈಗ ನೀನು ನನ್ನ ಮಾರ್ಕ್ಸೂ ನೋಡಬಹುದು, ನೋಡಬೇಡ" ಅಂದಳು. ನೋಡಿಲ್ಲ. (ಒಂದು ಸಲ ನೋಡಿದೆ.) ನೀವು ಅರ್ಜಿ ಹಾಕುವುದಾದರೆ ಈ ಒಪ್ಪಿಗೆಯನ್ನು ಮೊದಲ ದಿನವೇ ಕೊಡಿಸಿಡಿ.

ಜುಲೈ 22ಕ್ಕೆ ಹೊಸ ಏಡ್ ಪತ್ರ ಬಂತು. ಗ್ರ್ಯಾಂಟು 24,000 ಇದ್ದದ್ದು 28,000 ಆಗಿದೆ. 'ನಿಮ್ಮ ಕೋರಿಕೆಯನ್ನು ಪರಿಶೀಲಿಸಲಾಗಿದೆ' ಅನ್ನುವ ಒಂದು ಸಾಲು, ಅಷ್ಟೇ. ಹೇಗೆ, ಯಾಕೆ, ಏನೂ ಇಲ್ಲ. ಇವರು "ನಾಲ್ಕು ಸಾವಿರ ಬಂತಲ್ಲ, ಬಿಡು" ಅಂದರು. ನನಗೆ ಸರಿಹೋಗಲಿಲ್ಲ. ವರಮಾನ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದೆ, ಗ್ರ್ಯಾಂಟು ನಾಲ್ಕೇ ಸಾವಿರ ಏರಿದೆ, ಎಲ್ಲೋ ಕೂಡಿಸುವುದು ತಪ್ಪಿದೆ ಅನಿಸಿತು. ಅಜ್ಜಿ ದಿನಸಿ ಚೀಟಿಯನ್ನು ಕೆಳಗಿಂದ ಮೇಲಕ್ಕೆ ಇನ್ನೊಂದು ಸಲ ಕೂಡಿಸದೆ ಶೆಟ್ಟರಿಗೆ ದುಡ್ಡು ಕೊಟ್ಟವಳಲ್ಲ.

ಮಾರನೇ ದಿನ ಫೋನು. ನಲವತ್ತು ನಿಮಿಷ ಅದೇ ಪಿಯಾನೋ ಕೇಳಿದ ಮೇಲೆ ಒಬ್ಬ ಹುಡುಗ ಎತ್ತಿದ. ಕೆಲಸಕ್ಕೆ ಹೊಸಬ ಇರಬೇಕು, ತುಂಬ ನಯವಾಗಿ ಮಾತಾಡಿದ. ನಾನು ಹೆಚ್ಚಿಗೆ ಕೊಡಿ ಅಂತ ಕೇಳಲಿಲ್ಲ. "2025ರ ವರಮಾನ ಅಂತ ನೀವು ಹಿಡಿದಿರುವ ಅಂಕಿ ಎಷ್ಟು, ಹೇಳ್ತೀರಾ?" ಅಂದೆ. ಕೀಬೋರ್ಡು ಟಕಟಕ ಅಂತು. 1,41,100 ಅಂದ.

ನಾನು ಅಡುಗೆಮನೆ ಕಟ್ಟೆಯ ಮೇಲೆ ಕಾಗದ ಹರಡಿಕೊಂಡೇ ಕೂತಿದ್ದೆ. ನನ್ನ ಲೆಕ್ಕ 1,02,400. ಎರಡಕ್ಕೂ ಕಳೆದರೆ 38,700. ಆ ಅಂಕಿಯನ್ನು ಎಲ್ಲಿ ನೋಡಿದರೂ ಗುರುತು ಹಿಡಿಯುತ್ತಿದ್ದೆ, ಮೂರು ತಿಂಗಳಿಂದ ಅದನ್ನೇ ಬಾಡಿಗೆಗೆಷ್ಟು, ಇನ್ಶೂರೆನ್ಸಿಗೆಷ್ಟು ಅಂತ ಭಾಗ ಮಾಡಿಕೊಂಡು ಬದುಕಿದ್ದೇವೆ. ಸೆವೆರೆನ್ಸನ್ನು ಎರಡು ಸಲ ಕೂಡಿಸಿದ್ದಾರೆ! ಆದದ್ದೇನೆಂದರೆ, ಕಂಪನಿ ಆ ದುಡ್ಡನ್ನು ಕೊನೆಯ ಸಂಬಳದ ಜೊತೆಗೇ ಹಾಕಿತ್ತು. ಹಾಗಾಗಿ ಕೊನೆಯ ಪೇ ಸ್ಟಬ್‌ನಲ್ಲಿ 'ವರ್ಷಾರಂಭದಿಂದ ಇಲ್ಲಿಯವರೆಗೆ' ಅನ್ನುವ ಕಾಲಂನಲ್ಲಿ 66,700 ಇತ್ತು. ಅದರೊಳಗೆ 28,000 ಸಂಬಳವೂ ಇದೆ, 38,700 ಸೆವೆರೆನ್ಸೂ ಇದೆ. ಅವರು ಆ 66,700ನ್ನು ಸಂಬಳ ಅಂತ ತಗೊಂಡು, ಒಪ್ಪಂದದ ಪತ್ರ ನೋಡಿ ಇನ್ನೊಂದು 38,700 ಸೇರಿಸಿದ್ದರು.

"ಪೇ ಸ್ಟಬ್ ತೆಗೀರಿ," ಅಂದೆ. "ಎಡಗಡೆ ಪಟ್ಟಿಯಲ್ಲಿ ಮೂರನೇ ಸಾಲು ಓದಿ."

ಓದಿದ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಓ" ಅಂದ.

ಆ ಹುಡುಗನಿಗೆ ಒಂದು ಪೂರ್ತಿ ಸ್ಟಾರ್. ತಪ್ಪು ಅವನದಲ್ಲ, ಫೈಲು ನೋಡಿದವರು ಬೇರೆ ಯಾರೋ. ಆದರೂ ಹೊಸ ಅರ್ಜಿ ಹಾಕಿ, ಮತ್ತೆ ಸರದಿಯಲ್ಲಿ ನಿಲ್ಲಿ ಅನ್ನಲಿಲ್ಲ. ಇದೇ ಫೈಲನ್ನು ವಾಪಸ್ ಒಳಗೆ ಕಳಿಸುತ್ತೇನೆ, ಒಂದು ಇಮೇಲಿನಲ್ಲಿ ಈಗ ಹೇಳಿದ್ದನ್ನೇ ನಾಲ್ಕು ಸಾಲು ಬರೆದುಬಿಡಿ, ಪೇ ಸ್ಟಬ್‌ನ ಆ ಸಾಲಿಗೆ ಸುತ್ತು ಹಾಕಿ ಅಂದ. ಆಗಸ್ಟ್ 1ಕ್ಕೆ ಬಿಲ್ಲು ಕಟ್ಟುವ ಗಡುವು ಇತ್ತು, ಕಟ್ಟದಿದ್ದರೆ ಮಗಳ ಕ್ಲಾಸುಗಳ ನೋಂದಣಿ ರದ್ದಾಗುತ್ತಿತ್ತು. ನಾನು ಕೇಳುವ ಮೊದಲೇ ಅಕೌಂಟಿಗೆ ಹೋಲ್ಡ್ ಹಾಕಿಸಿ, ತೀರ್ಮಾನ ಆಗುವವರೆಗೆ ರದ್ದು ಮಾಡದ ಹಾಗೆ ನೋಡಿಕೊಂಡ. ಇದು ಎಲ್ಲ ಕಾಲೇಜಲ್ಲೂ ತಾನಾಗಿ ಆಗುವುದಿಲ್ಲ, ಕೇಳಿ ಮಾಡಿಸಿಕೊಳ್ಳಬೇಕು.

ಆಗಸ್ಟ್ 6ಕ್ಕೆ ಮೂರನೇ ಪತ್ರ. ಎಸ್‌ಎಐ ಹನ್ನೊಂದು ಸಾವಿರದ ಆಸುಪಾಸಿಗೆ ಇಳಿದಿತ್ತು, ಗ್ರ್ಯಾಂಟು 36,500ಕ್ಕೆ ಏರಿತ್ತು. ಮೊದಲಿನದಕ್ಕಿಂತ 12,500 ಜಾಸ್ತಿ. ಪೆಲ್ ಗ್ರ್ಯಾಂಟ್ ಬರಲಿಲ್ಲ. ಅದು ಸರ್ಕಾರದ್ದು, ವರ್ಷಕ್ಕೆ ಗರಿಷ್ಠ 7,395, ನಮ್ಮ ಎಸ್‌ಎಐ ಅದಕ್ಕಿಂತ ಮೇಲಿತ್ತು. ಬಂದದ್ದೆಲ್ಲ ಕಾಲೇಜಿನ ಸ್ವಂತ ದುಡ್ಡು. ಸಾಲ 6,500 ಅಷ್ಟೇ ಉಳಿಯಿತು, ಅಪ್ಪ ಅಮ್ಮನ ಮೇಲೆ ಅವಲಂಬಿತರಾದ ಎರಡನೇ ವರ್ಷದವರಿಗೆ ಸರ್ಕಾರದ ನೇರ ಸಾಲದ ಮಿತಿಯೇ ಅಷ್ಟು. ಬಾಕಿ 18,000ವನ್ನು ಮಗಳು ಹುಟ್ಟಿದಾಗ ಓದಿನ ಉಳಿತಾಯಕ್ಕೆ ಅಂತ ತೆರೆದ 529 ಖಾತೆಯಿಂದ ಕಟ್ಟಿದೆವು. ಮಗನ ಪಾಲಿಗೆ ಅದರಲ್ಲಿ ಎಷ್ಟು ಉಳಿದಿದೆ ಅಂತ ಇಲ್ಲಿ ಬರೆಯುವುದು ಬೇಡ.

ಒಪ್ಪದೆ ಹೋದದ್ದೂ ಒಂದಿದೆ. ಅತ್ತೆಗೆ ಮೇ ತಿಂಗಳಲ್ಲಿ ಹಾಸನದಲ್ಲಿ ಮಂಡಿ ಆಪರೇಷನ್ ಆಗಿತ್ತು, ಖರ್ಚು ನಾವೇ ಕಳಿಸಿದ್ದೆವು. ಇನ್ಶೂರೆನ್ಸ್ ಕಟ್ಟಿಕೊಡದ ಆಸ್ಪತ್ರೆ ಖರ್ಚನ್ನು ಪರಿಗಣಿಸಬಹುದು ಅಂತ ಫಾರಂನಲ್ಲೇ ಇತ್ತು. ಮೈದುನನಿಂದ ಬಿಲ್ಲು ತರಿಸಿದೆ, ಫಾರ್ಮಸಿಯ ಹನ್ನೊಂದು ಚೀಟಿ ಸಮೇತ. ನೇರಳೆ ಸೀಲು ಹರಡಿ ಅರ್ಧ ಅಕ್ಷರ ಕಾಣುತ್ತಿರಲಿಲ್ಲ, ಪಕ್ಕದಲ್ಲಿ ರೂಪಾಯಿಯನ್ನು ಡಾಲರಿಗೆ ತಿರುಗಿಸಿ ಬರೆದೆ. 'ರೋಗಿ ನಿಮ್ಮ ಮನೆಯ ಸದಸ್ಯರಲ್ಲ' ಅಂತ ಒಂದೇ ಸಾಲಿನ ಉತ್ತರ ಬಂತು. ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯೇ ಇರಬಹುದು. ಅದನ್ನು ಓದಿ ಇವರು ಎದ್ದು ಹೊರಗೆ ನಡೆದುಕೊಂಡು ಹೋದರು, ಬರುವಾಗ ಕತ್ತಲಾಗಿತ್ತು. ಕಳೆದ ಎರಡನೇ ಸ್ಟಾರ್ ಐದು ವಾರದ ಮೌನಕ್ಕೂ ತಪ್ಪು ಕೂಡಿಕೆಗೂ ಅಂತ ಬರೆದುಕೊಂಡಿದ್ದೆ, ಆ ಒಂದು ಸಾಲಿನ ಪಾಲೂ ಅದರಲ್ಲಿದೆ.

ಇಲ್ಲಿರುವ ನಮ್ಮವರಿಗೆ ಒಂದು ಮಾತು. ಈ ಫೆಡರಲ್ ಬಾಗಿಲು ತೆರೆಯುವುದು ಓದುವ ಮಗು ಅಮೆರಿಕನ್ ಪ್ರಜೆಯಾಗಿದ್ದರೆ, ಗ್ರೀನ್ ಕಾರ್ಡ್ ಇದ್ದರೆ, ಇಲ್ಲವೇ ಅವರ ಪಟ್ಟಿಯಲ್ಲಿರುವ ಇನ್ನು ಕೆಲವು ಬಗೆಯವರಾಗಿದ್ದರೆ. ಅಪ್ಪ ಅಮ್ಮನ ವೀಸಾ ಯಾವುದು ಅಂತ ಕೇಳುವುದಿಲ್ಲ. ನಮ್ಮ ಮಗಳು ಇಲ್ಲೇ ಹುಟ್ಟಿದವಳು. ಎಚ್-4ನಲ್ಲಿರುವ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಅವಲಂಬಿತರಾಗಿ ಬಂದ ಮಕ್ಕಳಿಗೆ ಈ ಬಾಗಿಲು ಮುಚ್ಚಿದೆ. ನಮ್ಮ ಹಿಂದಿನ ಬೀದಿಯಲ್ಲೇ ಅಂಥ ಹುಡುಗನೊಬ್ಬ ಇದ್ದಾನೆ, ಎರಡು ವರ್ಷದ ಮಗುವಾಗಿದ್ದಾಗ ಬಂದವನು. ಅವನ ಅಪ್ಪನ ಎಚ್-1ಬಿ ಕೆಲಸ ಹೋದರೆ ಹೊಸ ಕೆಲಸ ಹುಡುಕಲು ಇರುವುದೇ ಅರವತ್ತು ದಿನ, ಏಡ್ ಆಫೀಸಿನ ಹಸಿರು ಅಕ್ಷರ ಬದಲಾಗುವ ಹೊತ್ತಿಗೆ ಅವರು ವಿಮಾನ ಹತ್ತಿರುತ್ತಾರೆ. ಅಂಥವರು ಕಾಲೇಜಿನ ಸ್ವಂತ ಗ್ರ್ಯಾಂಟು ವಿದೇಶಿ ವಿದ್ಯಾರ್ಥಿಗಳಿಗೂ ಉಂಟಾ ಅಂತ ಬೇರೆಯಾಗಿ ಕೇಳಬೇಕು. ಇನ್ನು ಕೆಲವು ಖಾಸಗಿ ಕಾಲೇಜುಗಳು ಫ್ಯಾಫ್ಸಾ ಜೊತೆಗೆ ಸಿಎಸ್‌ಎಸ್ ಪ್ರೊಫೈಲ್ ಅಂತ ಇನ್ನೊಂದು ಅರ್ಜಿ ತುಂಬಿಸುತ್ತವೆ. ಫ್ಯಾಫ್ಸಾ ನೀವು ವಾಸವಿರುವ ಮನೆಯ ಬೆಲೆ ಕೇಳುವುದಿಲ್ಲ, ಅದು ಕೇಳುತ್ತದೆ. ನಮ್ಮದು ಬಾಡಿಗೆ ಮನೆ, ಆ ತಲೆನೋವು ತಪ್ಪಿತು.

ಇವರಿಗೆ ಅಕ್ಟೋಬರ್‌ನಲ್ಲಿ ಕಾಂಟ್ರ್ಯಾಕ್ಟ್ ಕೆಲಸ ಸಿಕ್ಕಿತು, ಮೊದಲಿನ ಸಂಬಳದ ಮುಕ್ಕಾಲು ಪಾಲು, ಆರು ತಿಂಗಳಿಗೆ. ಅದೇ ಹೊತ್ತಿಗೆ 2026-27ರ ಫ್ಯಾಫ್ಸಾ ತೆರೆಯಿತು. ಅದು ನೋಡುವುದು 2024ರ ವರಮಾನ, ಅಂದರೆ ಇವರು ಇಡೀ ವರ್ಷ ಪೂರ್ತಿ ಸಂಬಳ ತಗೊಂಡ ವರ್ಷ. ಈ ಸಲ ಬದಲಾಯಿಸಿದ್ದು ಈ ವರ್ಷಕ್ಕೆ ಮಾತ್ರ, ಮುಂದಿನ ವರ್ಷಕ್ಕೆ ಮತ್ತೆ ಅರ್ಜಿ, ಮತ್ತೆ ಪೇ ಸ್ಟಬ್, ಮತ್ತೆ ಪೆನ್ನಿನ ಸಹಿ. ನಮ್ಮ 2025 ಅವರ ಕಣ್ಣಿಗೆ ತಾನಾಗಿ ಬೀಳುವುದು 2027-28ರಲ್ಲಿ, ಅಷ್ಟರಲ್ಲಿ ಇವರ ಕೆಲಸ ಗಟ್ಟಿಯಾಗಿರಲಿ ಅಂತ ದೇವರಿಗೆ ಹರಕೆ ಹೊತ್ತಿದ್ದೇನೆ.

ಪ್ರಿಂಟರಿಗೆ ಇಂಕು ತಂದಿಟ್ಟಿದ್ದೇನೆ. ಫ್ರಿಜ್ಜಿನ ಮೇಲಿದ್ದ ಅವಾರ್ಡನ್ನು ತೆಗೆದು ಫೈಲಿಗೆ ಸೇರಿಸಿದ್ದೂ ಆಯಿತು.